ಒಂದೇ ಗೆರೆ

ಬಾ, ಆ ಕುರ್ಚಿ ಎಳಕೊ. ಒಂದು ಕಾಲು ಕುಂಟುತ್ತೆ, ನೋಡಿ ಕೂರು.
ಅಕ್ಷರಕ್ಕೆ ಬಿಳಿ ಬಳಿಯುವ ಆ ಶೀಷೆ ಚೀಲದಲ್ಲೇ ಇರಲಿ,
ಈ ವಾರ್ಡಿನಲ್ಲಿ ಅದಕ್ಕೆ ಕೆಲಸವಿಲ್ಲ.
ತಪ್ಪು ಬರೆದೆಯಾ?
ಬರೆದದ್ದರ ಮೇಲೆ ಒಂದೇ ಒಂದು ಗೆರೆ,
ಕೆಳಗಿನ ಅಕ್ಷರಕ್ಕೆ ಉಸಿರಾಡಲು ಬಿಟ್ಟು.
ಪಕ್ಕದಲ್ಲಿ ಸರಿಯಾದದ್ದು, ಗಂಟೆ, ನಿನ್ನ ಸಹಿ.
ಗೀಚಿ ಮುಚ್ಚಿದರೆ
ನಾಳೆ ಕೋರ್ಟಿನಲ್ಲಿ ವಕೀಲರು ಹಾಳೆಯನ್ನು ಕಿಟಕಿಗೆ ಹಿಡಿದು
ಬೆಳಕು ತೂರದ ಜಾಗಕ್ಕೇ ಬೆರಳಿಡುತ್ತಾರೆ.

ಕಾನೂನು ಇಷ್ಟೇ, ಅರ್ಧ ನಿಮಿಷದ ಪಾಠ.
ಉಳಿದದ್ದಕ್ಕೆ ನನಗೆ ಇಪ್ಪತ್ತಾರು ವರ್ಷ ಹಿಡಿಯಿತು.

ಅರಸೀಕೆರೆಯಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೂ
ಒಬ್ಬ ಮರುಳಪ್ಪನಿಗೆ ತಾಗುತ್ತೆ ಅಂತ ನಗುತ್ತಿದ್ದೆವು.
ಆ ರಾತ್ರಿ ಗಂಡಸರ ವಾರ್ಡಿನಲ್ಲಿ ಇಬ್ಬರಿದ್ದರು.
ನಾಲ್ಕನೇ ಹಾಸಿಗೆಯವರು ಮೇಷ್ಟರು,
ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು.
ಒಂಬತ್ತನೆಯವನು ಕೊಬ್ಬರಿ ಮಂಡಿಯ ಹಮಾಲಿ,
ಚೀಲ ಜಾರಿ ಪಕ್ಕೆಲುಬು ಮುರಿದವನು.
ಇಪ್ಪತ್ತೆಂಟು ಜನಕ್ಕೆ ನಾನೊಬ್ಬಳು. ಕರೆಂಟಿಲ್ಲ.
ಟಾರ್ಚಿನ ಸೆಲ್ಲು ಕೆಂಪಗಾಗಿತ್ತು.
‘ಮರುಳಪ್ಪ?’ ಅಂದೆ. ‘ಹ್ಞೂಂ’ ಅಂದ.
ಹ್ಞೂಂ ಅಂದ ತೋಳಿಗೆ ಇನ್ಸುಲಿನ್ ಚುಚ್ಚಿ ಮುಂದೆ ಹೋದೆ.

ಹುಬ್ಬಳ್ಳಿ ಕಡೆಯ ರೈಲು ಕೂಗಿ ಹೋದ ಮೇಲೆ
ಕತ್ತಲಲ್ಲಿ ಯಾರೋ ಲೆಕ್ಕ ಹಾಕುವುದು ಕೇಳಿಸಿತು.
ನಲವತ್ತೊಂದು. ನಲವತ್ತೆರಡು. ನಲವತ್ತೆರಡು.
ಒಂಬತ್ತನೇ ಹಾಸಿಗೆಯ ದುಪ್ಪಟಿ ಹಿಂಡಿದರೆ ನೀರು.
ಅವನು ಚೀಲ ಇಳಿಸುತ್ತಿದ್ದ, ಇಲ್ಲದ ಲಾರಿಯಿಂದ.
ಆಗ ಗೊತ್ತಾಯಿತು, ನನ್ನ ಕೈ ಏನು ಮಾಡಿದೆ ಅಂತ.
ಗ್ಲೂಕೋಸು ನರಕ್ಕೆ ಹೋಗುವಷ್ಟು ಹೊತ್ತು
ನಾನೂ ಅವನ ಜೊತೆ ಎಣಿಸಿದೆ.
ಅರವತ್ತಕ್ಕೆ ಕಣ್ಣು ಬಿಟ್ಟ.
‘ಇನ್ನೆಷ್ಟವೆ ಅಕ್ಕ?’ ಅಂದ.

ಬೆಳಿಗ್ಗೆ ಡಾಕ್ಟರು ಗದರಲಿಲ್ಲ. ಗದರಿದ್ದರೆ ಸುಲಭವಿತ್ತು.
‘ಬದುಕಿದ್ದಾನಲ್ಲ ಸಿಸ್ಟರ್,
ಹೊಸ ಹಾಳೆ ತಗೊಳ್ಳಿ. ನಿಮಗೂ ಮಕ್ಕಳಿದ್ದಾರೆ’ ಅಂದರು,
ನನ್ನ ಮುಂದೆ ಕಾಫಿ ಲೋಟ ಸರಿಸುತ್ತಾ.
ಲೋಟ ಆರಿ ಕೆನೆಗಟ್ಟಿತು.
ಹಳೇ ಹಾಳೆಯಲ್ಲೇ ಬರೆದೆ:
ರಾತ್ರಿ 9.30, ಬೇರೆಯವರ ಇನ್ಸುಲಿನ್ ಇವರಿಗೆ ಕೊಟ್ಟಿದೆ. ನಾನೇ.

ಆಮೇಲೆ ಒಂಬತ್ತನೇ ಹಾಸಿಗೆಗೆ ಹೋಗಿ, ನಿಂತು, ಹೇಳಿದೆ.
‘ಹಂಗಾದ್ರೆ ಸಕ್ಕರೆ ಕಾಯಿಲೆ ನಂಗಿಲ್ವಾ?’
‘ಇಲ್ಲ.’
ನಗಲು ಹೋಗಿ ಪಕ್ಕೆ ಹಿಡಿದುಕೊಂಡ.
ಹೆಂಡತಿ ಕರಿಬಸಮ್ಮ ನಗಲಿಲ್ಲ.
‘ಹೆಸ್ರು ಕೇಳಿದ್ರಿ ಸರಿ. ಮುಖ ನೋಡಿದ್ರಾ?’

ಮೆಮೋ ಬಂತು. ವಿಚಾರಣೆ ಆಯಿತು.
ಒಂದು ವರ್ಷದ ಇನ್‌ಕ್ರಿಮೆಂಟು ನಿಂತಿತು.
ಸುಳ್ಳು ಹೇಳದ ಸಿಸ್ಟರ್ ಅಂತ ಹೆಸರೂ ಬಂತು,
ನಿನಗೂ ಯಾರೋ ಹೇಳಿರಬೇಕು, ಅದಕ್ಕೇ ನನ್ನ ಹತ್ತಿರ ಕಳಿಸಿದ್ದಾರೆ.

ಈಗ ಅವರಿಗೆ ಹೇಳದ್ದನ್ನು ಕೇಳು.
ಒಬ್ಬ ಮರುಳಪ್ಪನಿಗೆ ಹೆಚ್ಚಾದದ್ದು
ಇನ್ನೊಬ್ಬನಿಗೆ ತಪ್ಪಿರಬೇಕಲ್ಲವೇ?
ಮೇಷ್ಟರು ರಾತ್ರಿಯಿಡೀ ನೀರು ಕೇಳಿದ್ದರು.
ಮೂರು ಸಲ ನಾನೇ ಕುಡಿಸಿದ್ದೆ.
ಯಾಕೆ ಇಷ್ಟು ಬಾಯಾರಿಕೆ ಅಂತ ತಲೆಗೆ ಹೋಗಲಿಲ್ಲ.
ನೆನಪಾದಾಗ ಬೆಳಗಿನ ಜಾವ ನಾಲ್ಕೂ ನಲವತ್ತು.
ಕೊಟ್ಟೆ. ‘4.40, ಕೊಟ್ಟಿದೆ’ ಅಂತ ಬರೆದೆ.
ಯಾಕೆ ತಡ, ಬರೆಯಲಿಲ್ಲ.
ವಿಚಾರಣೆಯವರು ಒಂಬತ್ತನೇ ಹಾಸಿಗೆಯ ಹಾಳೆಯನ್ನಷ್ಟೇ ಕೇಳಿದರು,
ಅದನ್ನಷ್ಟೇ ಕೊಟ್ಟೆ.

ಮುಂದಿನ ತಿಂಗಳು ಹಾಸನದಲ್ಲಿ ಅವರ ಪಾದ ತೆಗೆದರಂತೆ.
ಒಂದು ರಾತ್ರಿಗೆ ಪಾದ ಹೋಗುವುದಿಲ್ಲ, ಗೊತ್ತು.
ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ.
ನಾನು ಯಾರನ್ನೂ ಕೇಳಿಲ್ಲ.

ಬರೆದದ್ದು ತಪ್ಪಾದರೆ ಗೆರೆ ಎಳೆಯಬಹುದು ಮಗು.
ಬರೆಯದೆ ಬಿಟ್ಟದ್ದರ ಮೇಲೆ ಎಲ್ಲಿ ಎಳೆಯಲಿ?

ಏಳು, ಒಂಬತ್ತೂವರೆ ಆಯಿತು. ಟ್ರೇ ಎತ್ತಿಕೊ.
ಹೆಸರು ನೀನು ಹೇಳಬೇಡ,
ಅವರ ಬಾಯಿಂದಲೇ ಬರಲಿ.
ದೀಪ ಸ್ವಲ್ಪ ಮೇಲೆ ಹಿಡಿ, ಮುಖಕ್ಕೆ.