ಗುಬ್ಬಿಯ ಗದ್ದದ ಕಪ್ಪು

ಮೂವತ್ತೊಂದು ವರ್ಷ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಗಡಿಯಾರದ ಹೊಟ್ಟೆ ನೋಡಿದವನು ನಾನು.
ಕಣ್ಣು ಸೋತಿತು. ಹಂಚಿನಾಳ ಡಾಕ್ಟರು ಅಂದರು:
"ತಾಸಿಗೊಮ್ಮೆ ಹೊರಗ ಬಾ ಮಶಾಕಸಾಬ, ದೂರ ಏನರ ನೋಡು."

ದೂರ ಅಂದರೆ ಏನಿದೆ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ?
ಒಂದು ಕರೆಂಟು ಕಂಬ, ಜೋತುಬಿದ್ದ ವಾಯರು,
ಎದುರಿಗೆ ಪಟ್ಟಣಶೆಟ್ಟರ ಕಿರಾಣಿ,
ಆಚೆ ಒಂದು ಮುರಿದ ಕಮಾನು, ಅದರ ನೆತ್ತಿಯಲ್ಲಿ ಬಸರಿ ಗಿಡ.
ವಾಯರಿನ ಮೇಲೆ ಸಾಲಾಗಿ ಕೂತವು,
ಯಾರೂ ಹೆಸರು ಹಿಡಿದು ಕರೆಯದ ಮಂದಿ.

ಮೊದಲ ತಿಂಗಳು ಕಂಡದ್ದು ಬರೀ 'ಹಕ್ಕಿ'.
ಗಿರಾಕಿ ಬಂದು "ನಿಂತೈತಿ" ಅನ್ನುತ್ತಾನಲ್ಲ, ಹಾಗೆ.
ಎಲ್ಲಿ ನಿಂತಿದೆ, ಯಾವ ಹಲ್ಲಿಗೆ ಯಾವ ಧೂಳು,
ಬಿಚ್ಚಿದ ಮೇಲೆ ತಾನೆ ಗೊತ್ತಾಗುವುದು.

ಗೊರವಂಕ ನಡೆಯುತ್ತದೆ. ಗುಬ್ಬಿ ಕುಪ್ಪಳಿಸುತ್ತದೆ.
ಇಷ್ಟು ತಿಳಿಯಲಿಕ್ಕೆ ಐವತ್ತಾರು ವಯಸ್ಸಾಗಬೇಕಾಯಿತು.
ಬೆಳವನ ಕೊರಳಲ್ಲಿ ತಾಮ್ರದ ಮೇಲೆ ಮಸಿಚುಕ್ಕೆ,
ಯಾರೋ ಚಿಮಟ ಹಿಡಿದು ಒಂದೊಂದೇ ಕೂರಿಸಿದಂತೆ.
ಕಾಗೆ ಕಪ್ಪಲ್ಲ; ಬಿಸಿಲು ಓರೆಯಾದಾಗ ನೋಡಬೇಕು,
ಬದನೆಯ ಬಣ್ಣ, ಡಾಂಬರಿನ ಮೇಲೆ ಪೆಟ್ರೋಲು ಬಿದ್ದ ಬಣ್ಣ.
ಅವುಗಳಲ್ಲೊಂದಕ್ಕೆ ಒಂದೇ ಕಾಲು.
ನನ್ನ ಷೋಕೇಸಿನ ಗಡಿಯಾರಗಳು ಹಗಲೂ ರಾತ್ರಿ ತೋರಿಸುವ
ಹತ್ತೂ ಹತ್ತಕ್ಕೆ ಸರಿಯಾಗಿ ಬಂದು
ಶೆಟ್ಟರ ಕಡೆಯಿಂದ ಒಂದು ಪುಟಾಣಿ ವಸೂಲು ಮಾಡುತ್ತದೆ.

ಒಂದು ಭಾನುವಾರ ನೀಲಗಂಗಾ ಟೀಚರು
ಭೂತನಾಳ ಕೆರೆಗೆ ಕರೆದೊಯ್ದರು.
"ಹಿಮಾಲಯ ದಾಟಿ ಬಂದಾವ್ರಿ, ಪಟ್ಟಿತಲಿ ಹೆಬ್ಬಾತು!"
ದುರ್ಬೀನಿನಲ್ಲಿ ನೋಡಿದೆ. ನೀರಿನ ಆಚೆ ತುದಿಗೆ
ಯಾರೋ ಬೂದಿ ಚೆಲ್ಲಿದ ಹಾಗಿತ್ತು. ದೊಡ್ಡವರು, ಇರಲಿ.
ಅಷ್ಟರಲ್ಲಿ ನನ್ನ ಚಪ್ಪಲಿಯ ಹತ್ತಿರದ ಮಣ್ಣಹೆಂಟೆ
ಎದ್ದು ಹಾರಿತು, ಹಾರಿದ್ದೇ ಬೆಳ್ಳಗಾಯಿತು.
ಕೊಳದ ಬಕ. ಅಷ್ಟೂ ಬಿಳುಪನ್ನು ಮಡಿಚಿ
ಬಗಲಲ್ಲಿಟ್ಟುಕೊಂಡು ಕೆಸರಾಗಿ ನಿಂತಿತ್ತು.
"ಅದು ದಿನಾ ಇರೋದ್ರಿ, ಆಚೆ ನೋಡ್ರಿ" ಅಂದರು ಟೀಚರು.
ನಾನು ಆಚೆ ನೋಡಲಿಲ್ಲ.

ಆದರೆ ಹೇಳಬೇಕಾದ್ದು ಗುಬ್ಬಿಯ ಮಾತು.
ದೀಪಾವಳಿ ಹೊತ್ತಿಗೆ ಅದರ ಗದ್ದ ಬೂದು, ಮಾಸಿದ ಬೂದು.
ಯುಗಾದಿಗೆ ನೋಡಿದರೆ ಎದೆಯ ತನಕ ಕಪ್ಪು!
ಬೇರೆ ಗುಬ್ಬಿಯೆಂದುಕೊಂಡೆ. ಅಲ್ಲ,
ಎಡರೆಕ್ಕೆಯಲ್ಲಿ ಅದೇ ಒಂದು ಬಿಳಿ ಗರಿ.
ಟೀಚರನ್ನು ಕೇಳಿದೆ. ಅವರು ಪುಸ್ತಕ ತೆರೆದು ನೋಡಿ,
ತಾವೇ ಒಂದು ಗಳಿಗೆ ಸುಮ್ಮನಾಗಿ, ಹೇಳಿದರು:
ಹೊಸ ಗರಿ ಬರುವುದಿಲ್ಲವಂತೆ. ಕಪ್ಪು ಮೊದಲೇ ಒಳಗಿತ್ತಂತೆ.
ಮೇಲಿನ ಬೂದುತುದಿ ಸವೆಯುತ್ತ ಸವೆಯುತ್ತ
ಮದುವೆಯ ಅಂಗಿ ಹೊರಗೆ ಬರುತ್ತದಂತೆ.

ಸವೆತ ನನ್ನ ಕಸುಬು.
ಚಿನ್ನದ ನೀರು ಸವೆದರೆ ಹಿತ್ತಾಳೆ ಕಾಣುತ್ತದೆ,
ಹಲ್ಲು ಸವೆದರೆ ಮುಳ್ಳು ಹಿಂದೆ ಬೀಳುತ್ತದೆ;
ಸವೆದು ಚೆಂದವಾದದ್ದನ್ನು ಅದುವರೆಗೆ
ನಾನು ರಿಪೇರಿಗೆ ತೆಗೆದುಕೊಂಡಿರಲಿಲ್ಲ.

ಕಣ್ಣಿನ ನಂಬರು ಇಳಿದಿಲ್ಲ, ಏರಿದೆ.
ಇವತ್ತು ಕಾಲೇಜು ಹುಡುಗನೊಬ್ಬ ವಾಚು ಹಿಡಿದು ನಿಂತು
ಮೇಲೆ ನೋಡಿ, ನನ್ನ ನೋಡಿ, ಮತ್ತೆ ಮೇಲೆ ನೋಡಿ,
"ಏನೈತ್ರಿ ಕಾಕಾ ಅಲ್ಲಿ?" ಅಂದ.
"ಗುಬ್ಬಿ."
"ಬರೇ ಗುಬ್ಬಿ?"
ಟೂಲು ಸರಿಸಿ ಜಾಗ ಮಾಡಿಕೊಟ್ಟೆ.
ಚಹಾ ಆರಿತು. ಅವನ ವಾಚು ಇನ್ನೂ ನಿಂತೇ ಇದೆ,
ಅವನೂ.