ಕಡ

ನಲವತ್ತೆರಡರಲ್ಲಿ ಹದಿನೇಳು ಕಳೆಯಬೇಕು.
ಎರಡರಲ್ಲಿ ಏಳು ಹೋಗೋದಿಲ್ಲ,
ಪಕ್ಕದ ಮನೆಗೆ ಹೋಗು, ಒಂದು ಕಡ ತಾ —
ರಿಪ್ಪನ್‌ಪೇಟೆ ಶಾಲೆಯ ಮೂರನೇ 'ಬಿ'ಯಲ್ಲಿ
ಹನ್ನೊಂದು ವರ್ಷ ಹೇಳಿದ್ದೇನೆ.

ತೀರ್ಥೇಶ ಎದ್ದು ನಿಂತ:
'ಒಂದು ತಂದರೆ ಹತ್ತು ಹೇಗಾಯ್ತು ಮಿಸ್?'
'ಆಗತ್ತೆ. ಬರಕೋ.'
ಬರಕೊಂಡ. ತಪ್ಪು ಬರಕೊಂಡ.

ನಡುವೆ ಒಂದೇ ಗೋಡೆ, ಮಾಡಿಗೆ ತಾಗದ ಗೋಡೆ.
ಆಚೆ 'ಎ'ಯಲ್ಲಿ ಜಸಿಂತಾ ಟೀಚರ ದನಿ,
ರಬ್ಬರ್ ಬ್ಯಾಂಡು ಕಳಚಿದ ಚಟ್,
ಸಿಮೆಂಟಿನ ಮೇಲೆ ಹಿಡಿಕಡ್ಡಿ ಚೆಲ್ಲಿದ ಸದ್ದು,
ಮಕ್ಕಳು ಒಟ್ಟಿಗೆ: ಹತ್ತು!

ಕೇಳಿಸಿಕೊಂಡೇ ಇದ್ದೆ ಇಷ್ಟು ವರ್ಷ.
ಹಾಜರಿ ಪುಸ್ತಕದಲ್ಲಿ ಅವರ ಸಹಿಯ ಕೆಳಗೇ ನನ್ನ ಸಹಿ.
ಸೀಮೆಸುಣ್ಣ ಕಡ ಕೇಳಿದ್ದುಂಟು, ಛತ್ರಿಯನ್ನೂ.
ಇದನ್ನು ಕೇಳಿರಲಿಲ್ಲ.
ನನಗೆ ಬರುವುದಿಲ್ಲ ಎನ್ನುವುದು
ಆಚೆಗೂ ಕೇಳಿಬಿಟ್ಟರೆ?

ಇವತ್ತು ಊಟದ ಗಂಟೆಗೆ ಹೋದೆ.
ಕಡ್ಡಿಯ ಕಟ್ಟು ಕೈಗಿಟ್ಟು ಅವರೆಂದರು:
'ಬಿಚ್ಚಿ ತೋರಿಸ್ಬೇಕು ಕಣ್ರೀ, ಅಷ್ಟೆ.
ಅದಿರಲಿ, ನಿಮ್ಮ ಮಕ್ಕಳು ಪದ್ಯ ಅಷ್ಟು ಚೆಂದ ಓದ್ತಾರಲ್ಲ,
ಗೋಡೆಗೆ ಕಿವಿಯಿಟ್ಟು ಕೂರ್ತೇನೆ —
ಹೇಗೆ ಹೇಳಿಕೊಡ್ತೀರಿ?'

ಸಾರು ಆರುತ್ತಿತ್ತು.
ಆ ಕಟ್ಟಿನಲ್ಲಿ ಒಂದು ಕಡ್ಡಿ ಕಡಿಮೆಯಿತ್ತು;
ಪೊರಕೆಯಿಂದ ಇನ್ನೊಂದು ಮುರಿದು ಸೇರಿಸಿದೆವು.