ಹೊಂಡದ ದುಡ್ಡು

ಡಿಪೋದಲ್ಲಿ ಎಲ್ಲರಿಗೂ ಒಂದೊಂದು ಪಟ್ಟಿ ಕೊಟ್ಟರು,
ಮಣಿಕಟ್ಟಿಗೆ, ಕಪ್ಪು ರಬ್ಬರಿನದು.
ದಿನಕ್ಕೆ ಎಂಟು ಸಾವಿರ ಹೆಜ್ಜೆ, ತಿಂಗಳಲ್ಲಿ ಇಪ್ಪತ್ತು ದಿನ
ಹಾಕಿದವರ ಸಂಬಳದ ಚೀಟಿಯಲ್ಲಿ ಹೊಸ ಸಾಲು:
ಫಿಟ್‌ನೆಸ್ ಭತ್ಯೆ, ಐನೂರು.
ಪಟ್ಟಿ ಕಳೆದರೆ ಸಾವಿರದ ಇನ್ನೂರು ಕಡಿತ
ಎಂಬುದು ಸಹಿಯ ಕೆಳಗಿತ್ತು, ಇರುವೆ ಅಕ್ಷರದಲ್ಲಿ.

ನಾನು ಕಂಡಕ್ಟರು. ಬಿಲ್ಲೆ ನಂಬರು ಇಪ್ಪತ್ತೆರಡು ಹದಿನೇಳು.
ಕಾರವಾರದಿಂದ ಯಲ್ಲಾಪುರ, ಯಲ್ಲಾಪುರದಿಂದ ಕಾರವಾರ,
ಬಾಗಿಲಿನಿಂದ ಹಿಂದಿನ ಸೀಟಿಗೆ, ಮತ್ತೆ ಬಾಗಿಲಿಗೆ,
ಒಣಮೀನಿನ ಬುಟ್ಟಿ ದಾಟಿ, ಕಾಲೇಜಿನ ಚೀಲ ದಾಟಿ,
ಪಾಸು ಮರೆತವರ ಕತೆ ದಾಟಿ
ನಡೆದದ್ದೇ ನಡೆದದ್ದು.
ಸಂಜೆ ನೋಡಿದರೆ ಎರಡು ಸಾವಿರದ ಒಂಬೈನೂರು.

ಡ್ರೈವರು ಬೊಮ್ಮಯ್ಯ ಹರಿಕಂತ್ರ
ಬೆಳಿಗ್ಗೆ ಕೂತರೆ ಚಹಾಕ್ಕೂ ಕಿಟಕಿಯಿಂದಲೇ ಕೈ ಚಾಚುವವರು.
ಹೊಟ್ಟೆ ಸ್ಟೇರಿಂಗಿಗೆ ಉಜ್ಜಿ ಉಜ್ಜಿ
ಅಂಗಿಯ ನಾಲ್ಕನೇ ಗುಂಡಿ ಸವೆದಿದೆ.
ಅವರದ್ದು ಹದಿನಾರು ಸಾವಿರದ ನಾನೂರು.

"ಎಲ್ಲಿ ನಡೆದ್ರಿ ಮಾರಾಯ್ರೆ?"
"ನಾ ಎಲ್ಲಿ ನಡೆದೆ? ರಸ್ತೆ ನಡೀತು."

ನಿಜವೇ. ಸುಂಕಸಾಳದಿಂದ ಮೇಲೆ
ಒಂದೊಂದು ಹೊಂಡಕ್ಕೆ ಎರಡು ಹೆಜ್ಜೆ,
ಗೇರು ಎಳೆದಾಗೆಲ್ಲ ಇನ್ನೊಂದು.
ನನ್ನ ಎಡಗೈಯೋ, ದಿನವಿಡೀ ಮೇಲಿನ ಸರಳು ಹಿಡಿದದ್ದು.
ಕೈ ಅಲುಗದ ಹೆಂಗಸು
ಪಟ್ಟಿಯ ಲೆಕ್ಕದಲ್ಲಿ ನಿಂತವಳು.

ಮೊದಲ ತಿಂಗಳ ಐನೂರರಲ್ಲಿ
ಅಂಕೋಲೆಯ ಪೇಟೆಯಿಂದ ಬಂಗಡೆ ತಂದರು,
ಅರ್ಧ ನನ್ನ ಚೀಲಕ್ಕೆ. "ಹೊಂಡದ ದುಡ್ಡು, ತಕೊ."

ನಾನೂ ಒಂದು ದಿನ ಪಟ್ಟಿಯನ್ನು ಕಾಲಿಗೆ ಕಟ್ಟಿದೆ,
ಗೆಜ್ಜೆ ಕಟ್ಟಿಕೊಂಡ ಹಾಗೆ. ಹನ್ನೊಂದು ಸಾವಿರ!
ಮರುದಿನ ಅವರ್ಸಾದಲ್ಲಿ ಹತ್ತಿದ ಚೆಕಿಂಗಿನವರು
ಟಿಕೆಟ್ಟು ಬಿಟ್ಟು ನನ್ನ ಕಾಲು ನೋಡಿದರು.
ಮಣಿಕಟ್ಟು ಎಂದು ಬರೆದಿದೆಯಲ್ಲ, ಎಂದರು.

ಆರೋಗ್ಯ ಶಿಬಿರಕ್ಕೆ ಬಂದ ಡಾಕ್ಟರ್ ರೇವಣಕರ ಬಾಯಿ
ಉದ್ದದ ಕಾಗದವೊಂದನ್ನು ಬಿಡಿಸಿ ಕೇಳಿದರು:
"ಬೊಮ್ಮಯ್ಯನವರೆ, ಬೆಳಿಗ್ಗೆ ಒಂಬತ್ತೂವರೆಗೆ ಓಡ್ತೀರಾ?
ಎದೆ ಬಡಿತ ನೂರಾ ನಲವತ್ತಕ್ಕೆ ಹೋಗ್ತದೆ,
ನಾಲ್ಕು ನಿಮಿಷ. ಆಮೇಲೆ ಇಳೀತದೆ.
ರಜೆಯ ದಿನ ಮಾತ್ರ ಇಲ್ಲ."
ಅವರು ಗಲ್ಲ ತುರಿಸಿದರು.
"ಹೌದು. ಓಡ್ತೆ."
"ಒಳ್ಳೇದು, ಸ್ವಲ್ಪ ನಿಧಾನ," ಎಂದು ಬರೆದುಕೊಟ್ಟರು.

ಒಂಬತ್ತೂವರೆಗೆ ನಾವು ಅರಬೈಲ್ ಘಟ್ಟದಲ್ಲಿರುತ್ತೇವೆ,
ಸುಣ್ಣ ಬಳಿದ ಕಲ್ಲಿನ ತಿರುವಿನಲ್ಲಿ.
ನಾನು ಕೆಲಸಕ್ಕೆ ಸೇರುವ ಮೊದಲಿನ ಮಾತು,
ಅವರು ಹೇಳಿದ್ದಲ್ಲ, ಗ್ಯಾರೇಜಿನವರು ಹೇಳಿದ್ದು.
ಇಳಿಜಾರು, ಬ್ರೇಕು ಇಲ್ಲ.
ಕಂದಕದ ಕಡೆ ಬಿಡದೆ ಗುಡ್ಡಕ್ಕೇ ಗುದ್ದಿದರಂತೆ.
ನಲವತ್ತೊಂದು ಜನ ಇಳಿದು ಮನೆಗೆ ಹೋದರು.
ಬಾಗಿಲ ಪಕ್ಕ ಕೂತಿದ್ದ ಕಂಡಕ್ಟರು ಇಳಿಯಲಿಲ್ಲ.

ಬಾಗಿಲ ಪಕ್ಕದ ಸೀಟು ಈಗ ನನ್ನದು.

ಶಿಬಿರದ ಮರುದಿನದಿಂದ
ಗುಳ್ಳಾಪುರ ದಾಟಿದ್ದೇ ಟಿಕೆಟ್ಟು ಅಲ್ಲಿಗೇ ಬಿಟ್ಟು
ಮುಂದೆ ಹೋಗಿ ನಿಲ್ಲುತ್ತೇನೆ, ಅವರ ಬೆನ್ನಿಗೆ.
"ಬೊಮ್ಮಯ್ಯಣ್ಣ, ಚಿಲ್ಲರೆ ಉಂಟಾ?"
ಒಮ್ಮೆ ಸಿಟ್ಟಾದರು. ಒಮ್ಮೆ ಜೇಬು ತಡಕಿದರು.
ಒಮ್ಮೆ ಸೊಸೆಯ ಬಾಣಂತನದ ಸುದ್ದಿ ತೆಗೆದರು,
ಹೆಣ್ಣು ಮಗು, ಮೂರು ಕೇಜಿ,
ಅಷ್ಟರಲ್ಲಿ ಕಲ್ಲು ಹಿಂದೆ ಹೋಗಿತ್ತು.

ಮಾರ್ಗಶಿರದಲ್ಲಿ ರಸ್ತೆಗೆ ಡಾಂಬರು ಬಂತು.
ಬೊಮ್ಮಯ್ಯನವರ ಹೆಜ್ಜೆ ನಾಲ್ಕು ಸಾವಿರಕ್ಕೆ ಇಳಿಯಿತು.
ಭತ್ಯೆ ನಿಂತಿತು, ಬಂಗಡೆಯೂ.
ನೋಟೀಸು ಬೋರ್ಡಿನಲ್ಲಿ ಇಬ್ಬರ ಹೆಸರೂ
ಸೋಮಾರಿಗಳ ಪಟ್ಟಿಯಲ್ಲಿ, ಒಂದರ ಕೆಳಗೊಂದು.

ಇವತ್ತು ಹಿಂದಿನ ಸೀಟಿನಲ್ಲಿ ಜಗಳ,
ಮೂವತ್ತು ರೂಪಾಯಿಯ ಜಗಳ, ತಡವಾಯಿತು ನನಗೆ.
ತಿರುವು ಹತ್ತಿರ ಬಂದಿತ್ತು.
ಕನ್ನಡಿಯಲ್ಲಿ ನನ್ನನ್ನು ಹುಡುಕಿ ಅವರೇ ಕೂಗಿದರು:
"ಏ ಇಪ್ಪತ್ತೆರಡು ಹದಿನೇಳು, ಚಿಲ್ಲರೆ ಬೇಕಾ?"

ಚೀಲದ ತುಂಬ ನಾಣ್ಯ, ಹೆಗಲು ಜಗ್ಗುವಷ್ಟು.
"ಬೇಕು," ಎಂದೆ.
ಬುಟ್ಟಿಗಳನ್ನು ದಾಟುತ್ತ ಮುಂದೆ ಹೋದೆ.